ಡೈನಮೋಕ್ಕೆ ಹಚ್ಚಿದ ಕುಂಕುಮ

ಪಾಠ ಹೇಳುವವರಿಗೆ ಒಂದು ರೋಗವಿರುತ್ತದೆ: ಬಾಯಿಗೆ ಬಂದದ್ದು ಕೈಗೆ ಇಳಿಯುವುದಿಲ್ಲ. ನನ್ನದು ವಾಸಿಯಾಗದ ಕೇಸು. ನಮ್ಮ ಶಹಾಪುರ ಹೈದರಾಬಾದಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಉರ್ದುವಿನಲ್ಲಿ ಕಲಿತ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುತ್ತಿದ್ದೆ. ಡೈನಮೋ ಪಾಠ ಬಂತೆಂದರೆ ನನಗೆ ಮೈಮೇಲೆ ದೇವರು ಬಂದ ಹಾಗೆ. ಸುರುಳಿಯಲ್ಲಿ ಹುಟ್ಟಿದ ಕರೆಂಟು ಅರ್ಧ ಸುತ್ತಿಗೊಮ್ಮೆ ದಿಕ್ಕು ಬದಲಿಸುತ್ತದೆ. ತುದಿಯಲ್ಲಿರುವ ತಾಮ್ರದ ಸೀಳುಬಳೆ, ಅದಕ್ಕೆ ಒತ್ತಿಕೊಂಡ ಕಾರ್ಬನ್ ಬ್ರಶ್ಶು ಎರಡೂ ಸೇರಿ ಅದನ್ನು ಒಂದೇ ದಿಕ್ಕಿಗೆ ಹೊರಗಿನ ತಂತಿಗೆ ದಾಟಿಸುತ್ತವೆ. ಬಳೆಗೆ ಜಿಡ್ಡು ತಾಗಿದರೆ ಎಲ್ಲ ಮುಗಿಯಿತು ಎಂದು ಮೇಜು ಗುದ್ದಿ ಹೇಳುತ್ತಿದ್ದೆ.

ಆ ವರ್ಷ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಸಾಹುಕಾರರು ಹೊಸ ಡೈನಮೋ ತರಿಸಿದರು. ಆಯುಧಪೂಜೆಯ ದಿನ ಪೂಜೆಯೂ ನನ್ನದೇ, ಮಂದಿಗೆ ವಿವರಣೆಯೂ ನನ್ನದೇ. ನೋಡುವವರಿಗೆಂದು ಮುಚ್ಚಳ ತೆಗೆದಿಟ್ಟಿದ್ದರು. ಕಬ್ಬಿಣಕ್ಕೆ ಹಿಡಿಯಲೆಂದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಡೈನಮೋದ ಮೈಗೆಲ್ಲ ಹಚ್ಚಿದೆ. ಒಳಗೆ ಆ ತಾಮ್ರದ ಬಳೆ ಫಳಫಳ ಹೊಳೆಯಿತು. ಯಂತ್ರದ ಜೀವವೇ ಅಲ್ಲಿರುವಾಗ ಬರಿದೇ ಬಿಡುವುದೇ? ಭಕ್ತಿಯಿಂದ ಅದಕ್ಕೂ ಮೂರು ಬೆರಳು ಕುಂಕುಮ ಎಳೆದೆ. ಮಿಸ್ತ್ರಿ ಮಲ್ಲಣ್ಣ ಇಂಜಿನ್ನು ಶುರು ಮಾಡಿದ. ಡೈನಮೋ ಗಿರಗಿರ ತಿರುಗಿತು. ಅದಕ್ಕೆ ಜೋಡಿಸಿದ್ದ ಬಲ್ಬು ಮಾತ್ರ ಹತ್ತಲಿಲ್ಲ.

"ಹಬ್ಬದ ದಿನಾನೂ ನೆಟ್ಟಗ ಕೆಲಸ ಬರಂಗಿಲ್ಲೇನೋ ಮಲ್ಲ್ಯಾ? ದೀಪ ಹತ್ತಲಿಲ್ಲಂದ್ರ ನಾಳಿಂದ ಈ ಕಡಿ ಬರಬ್ಯಾಡ!" ಎಂದು ಸಾಹುಕಾರರು ಎಲ್ಲರೆದುರು ಗುಡುಗಿದರು. ಆಮೇಲೆ ನನ್ನತ್ತ ತಿರುಗಿ, "ಮಾಸ್ತರ, ನೀವರ ಹೇಳ್ರಿ, ಎಲ್ಲಿ ತಪ್ಪಾಗ್ಯಾದ?"

ತಪ್ಪು ಎಲ್ಲಾಗಿದೆಯೆಂದು ನನಗೆ ಅಷ್ಟರಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಬಲಗೈಯನ್ನು ಧೋತರದ ನಿರಿಗೆಯಲ್ಲಿ ಅಡಗಿಸಿದೆ. "ಮಿಸ್ತ್ರಿ ಬ್ರಶ್ಶು ಸರಿ ಕೂಡಿಸಿಲ್ಲ ಅನಸ್ತದ್ರಿ," ಎಂದೆ. ಈಗಲೂ ನೆನೆದರೆ ಮುಖ ಕಾಯುತ್ತದೆ.

ಮಲ್ಲಣ್ಣ ಇಂಜಿನ್ನು ನಿಲ್ಲಿಸಿ ಬಗ್ಗಿ ನೋಡಿದ. ನನ್ನನ್ನೂ ಒಮ್ಮೆ ನೋಡಿದ. ಅರಿವೆಯಿಂದ ಬಳೆ ಒರೆಸಿ, ಉಸುಕಿನ ಕಾಗದದಿಂದ ತಿಕ್ಕಿ, ಮತ್ತೆ ಶುರು ಮಾಡಿದ. ಬಲ್ಬು ಹತ್ತಿತು. "ಬ್ರಶ್ಶು ಸಡ್ಲಾಗಿತ್ರಿ ಸಾಹುಕಾರ್ರ, ತಪ್ಪು ನಂದೇ," ಎಂದ.

ತಪ್ಪು ಹಿಡಿದುಕೊಟ್ಟ ಜಾಣನೆಂದು ಸಾಹುಕಾರರು ನನಗೆ ಕಾಯಿ ಕೊಡಿಸಿದರು, ಅದೂ ಮಲ್ಲಣ್ಣನ ಕೈಯಿಂದಲೇ. ನಾನು ಎಡಗೈ ಚಾಚಿದೆ.

"ಬಲಗೈ ಕೊಡ್ರಿ ಮಾಸ್ತರ," ಎಂದು ಅವನು ಮೆಲ್ಲಗೆ ಹೇಳಿದ. "ಪೂಜಿ ದಿನ ಎಲ್ಲಾರ ಕೈನೂ ಕೆಂಪೇ ಇರ್ತಾವ."

ಕೊಟ್ಟೆ. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಕಾಯಿಯನ್ನು ಮನೆಗೆ ಒಯ್ದು, ಚಟ್ನಿ ಮಾಡಿಸಿಕೊಂಡು, ಎರಡು ರೊಟ್ಟಿ ಹೆಚ್ಚಿಗೇ ತಿಂದೆ.