ಮೂರನೆಯ ಪದರ

ವಠಾರದ ಚಿತ್ರಸ್ಪರ್ಧೆಯ ಪ್ರಕಟಣೆಯಲ್ಲಿ, "ಹೂಜಿ, ನಿಂಬೆಹಣ್ಣುಗಳು ಇದ್ದಂತೆಯೇ ಕಾಣಬೇಕಾಗಿಲ್ಲ, ಪದರಪದರವಾಗಿ ಭಾವ ಹೊಮ್ಮಬೇಕು" ಎಂಬ ವಾಕ್ಯವಿರದಿದ್ದರೆ ಗುಮಾಸ್ತರು ಕುಂಚ ಹಿಡಿಯುತ್ತಲೇ ಇರಲಿಲ್ಲ. ಅವರು ಬರೆದ ಹೂಜಿ ಎಂದೂ ಹೂಜಿಯಂತೆ ಕಂಡದ್ದಿಲ್ಲ.

ನೆಲ ಕೊಳೆಯಾಗಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಆಕೆ ತಾಯಿಯೊಂದಿಗೆ ಸಂಜೆ ಐದಕ್ಕೆ ಊರಿನಿಂದ ಬರುವವಳು. ಆದ್ದರಿಂದ ಗುಮಾಸ್ತರು ಮನೆಗೆ ಬೀಗ ಹಾಕಿ, ಇದ್ದ ಒಂದೇ ಬೀಗದ ಕೈಯನ್ನು ಅಂಗಿಯ ಜೇಬಿಗಿಳಿಸಿ, ಮಹಡಿಯ ಮನೆಗಳ ಮುಂದಿನ ಪಡಸಾಲೆಯಲ್ಲಿ ಹಲಗೆ ನಿಲ್ಲಿಸಿದರು. ಬಕೆಟ್ಟಿನ ಮೇಲೆ ಬಗ್ಗಿ ಬಣ್ಣಕ್ಕೆ ಗೋಡೆಯ ಪುಟ್ಟಿ ಕಲಸಿ, ಮೊದಲ ಪದರ ಬಳಿದರು.

ತನ್ನ ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೊರಟಿದ್ದ ಎದುರುಮನೆಯ ಗಾರೆ ಮೇಸ್ತ್ರಿ ನಿಂತುಬಿಟ್ಟ.

"ಏನ್ ಸಾರ್, ಮುಖಕ್ಕೆ ಪೌಡರ್ ಹಾಕ್ದಂಗಿದೆ! ಬಿಡಿ ಇಲ್ಲಿ."

ಬಕೆಟ್ಟಿಗೆ ಬಗ್ಗಿ ಕರಣೆ ತುಂಬ ಪುಟ್ಟಿ ತೆಗೆದು ಎರಡನೆಯ ಪದರ ಮೆತ್ತಿದ. ಪಕ್ಕದ ಮನೆಯ ನರ್ಸಮ್ಮ ಬಂದು, "ನಿಂಬೆಹಣ್ಣಿಗೆ ಊತ ಸಾಲ್ದು" ಎಂದು ಮೂರನೆಯದನ್ನೂ ಮೆತ್ತಿಸಿದರು. ಹೂಜಿ ಹಲ್ಲುನೋವಿನ ಕೆನ್ನೆಯಂತೆ ಉಬ್ಬಿತು.

ನಾಲ್ಕೂವರೆಗೆ ಗುಮಾಸ್ತರು ಜೇಬು ಮುಟ್ಟಿಕೊಂಡರು. ಜೇಬು ಬರಿದು. ಬಕೆಟ್ಟೂ ಬರಿದು.

"ಹಂಗಾದ್ರೆ ಬಗ್ಗಿದಾಗ ಬೀಗದ ಕೈ ಪುಟ್ಟಿಗೆ ಬಿದ್ದು ಚಿತ್ರದೊಳಗೇ ಸೇರಿದೆ," ಎಂದ ಮೇಸ್ತ್ರಿ.

"ಕೆರಿಯಯ್ಯಾ ಬೇಗ! ಐದಕ್ಕೆ ಅವಳು ಬರ್ತಾಳೆ. ಅತ್ತೆ ಬೇರೆ!"

ಮೂವರೂ ಕೆರೆದರು. ನಿಂಬೆಹಣ್ಣಿನ ಹೊಟ್ಟೆಯಲ್ಲಿ ಕೆಂಪು ದಾರದ ಚೂರಿನೊಡನೆ ಬೀಗದ ಕೈಯೊಂದರ ತುದಿ ಮಿನುಗಿತು. ಗುಮಾಸ್ತರು ಕೈ ಚಾಚುವಷ್ಟರಲ್ಲಿ ಸ್ಪರ್ಧೆಯ ಚಿತ್ರಗಳನ್ನು ನೋಡಲು ಮಹಡಿ ಹತ್ತಿ ಬಂದ ತೀರ್ಪುಗಾರರು ಹಿಂದಿನಿಂದ ಗುಡುಗಿದರು:

"ಮುಟ್ಟಬೇಡಿ! ಆಹಾ, ಈ ಗಾಯಗಳು! ಈ ಲೋಹ! ಮೊದಲ ಬಹುಮಾನ!"

"ಅಯ್ಯೋ ಸ್ವಾಮಿ, ಅದು ನಮ್ಮನೆ ಬೀಗದ ಕೈ!"

"ಶೀರ್ಷಿಕೆಯೂ ಅದ್ಭುತ!" ಎಂದು ಅವರು ಅದನ್ನೇ ಚೀಟಿಯಲ್ಲಿ ಬರೆದು ಹಲಗೆಗೆ ಅಂಟಿಸಿದರು. ಗುಮಾಸ್ತರ ಗೋಳಾಟವನ್ನು ಕಲಾವಿದರ ವಿನಯವೆಂದೇ ತಿಳಿದು, ಹಲಗೆಯನ್ನು ಕೆಳಗಿನ ಸಭಾಂಗಣದ ಗಾಜಿನ ಕಪಾಟಿನಲ್ಲಿ ಇಡಿಸಿ, ಹದಿನೈದು ದಿನಕ್ಕೆಂದು ಬೀಗ ಜಡಿದು, ಕಾರು ಹತ್ತಿ ಹೊರಟೇಹೋದರು.

ಐದಕ್ಕೆ ಸರಿಯಾಗಿ ಹೆಂಡತಿ, ಅತ್ತೆ, ನಾಲ್ಕು ಪೆಟ್ಟಿಗೆಗಳು ಸಭಾಂಗಣದ ಬಾಗಿಲಲ್ಲೇ ಬಂದಿಳಿದವು.

"ಬೀಗದ ಕೈ ಎಲ್ರೀ?"

ಗುಮಾಸ್ತರು ಗಾಜಿನತ್ತ ಬೆರಳು ತೋರಿದರು. ಹೆಂಡತಿ ಚೀಟಿಯನ್ನು ಎರಡು ಸಲ ಓದಿದಳು.

"ಯೋಚ್ನೆ ಬೇಡಮ್ಮ, ಬಾಗಿಲ ಬೀಗ ಒಡೆದ್ರಾಯ್ತು. ಸುತ್ತಿಗೆ ನಮ್ಮನೇಲಿದೆ," ಎಂದ ಮೇಸ್ತ್ರಿ ಜೇಬಿಗೆ ಕೈ ಹಾಕಿದವನು ಹಾಗೆಯೇ ನಿಂತ. ಗಾಜಿಗೆ ಮೂಗು ಒತ್ತಿ ನೋಡಿದ. "ಸಾರ್... ಆ ಕೆಂಪು ದಾರ ನಾನು ಕಟ್ಟಿದ್ದು. ಇದು ನಮ್ಮನೇದು!"

"ಮತ್ತೆ ನಂದು?"

"ಇನ್ನೂ ಕೆಳಗಿರ್ಬೇಕು."

ಅತ್ತೆ ಕನ್ನಡಕ ಸರಿಪಡಿಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಅಳಿಯಂದಿರೇ. ಇವತ್ತು ನಾವು ಮಲಗೋದು ಎಷ್ಟನೇ ಪದರದಲ್ಲಿ?"