ದಂಡೋತಿಯ ದಾರಿಯಲ್ಲಿ ಮಾತ್ರ ಬಿಸಿಯಾಗುವ ಗಾಡಿ

ಕರುಣಾ: ನಾ ಹಿಂದ ಕುಂತ್ರ ಇಂಜಿನ್ ಬಿಸಿ ಆಗ್ತದ ಅಂತೀರಲ್ಲ, ನಾ ಏನ್ ಉರಿಯೋ ಒಲಿ ಏನ್ರಿ?

ಸುರೇಶಕುಮಾರ: ನಾ ಹಂಗೆಲ್ಲಿ ಅಂದೆ? ಲೋಡ್ ಆಗ್ತದ ಅಂದೆ.

ಕರುಣಾ: ಓಹೋ, ಒಲಿ ಅಲ್ಲ, ಲೋಡ್. ಮರ್ಯಾದಿ ಏರ್ತು ನನಗ.

ಚಿತ್ತಾಪುರ ದಾಟಿ ದಂಡೋತಿಗೆ ಹೋಗುವ ದಾರಿಯಲ್ಲಿ, ಶೌಕತ ಅಲಿಯ ಚಹಾದಂಗಡಿಯ ಮುಂದೆ ಸುರೇಶಕುಮಾರನ ಬೈಕು ನಿಂತಿತ್ತು. ಮೀಟರಿನಲ್ಲಿ ಕೆಂಪು ದೀಪ. ಗಂಡನ ಮುಖವೂ ಸುಮಾರು ಅದೇ ಬಣ್ಣಕ್ಕೆ ಬಂದಿತ್ತು. ವಾಡಿಯಿಂದ ಹೊರಟ ಈ ಜೋಡಿ ದಂಡೋತಿಯಲ್ಲಿರುವ ಕರುಣಾಳ ತವರು ಮುಟ್ಟಬೇಕು. ಅವಳ ಅಣ್ಣನ ಮಗಳಿಗೆ ಇವತ್ತು ಹೆಸರಿಡುವ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಸೋದರತ್ತೆ ಹೊತ್ತಿಗೆ ಬಾರದಿದ್ದರೆ ಆ ಕೆಲಸ ತಾನೇ ಮಾಡುತ್ತೇನೆಂದು ಅತ್ತಿಗೆಯ ಅಕ್ಕ ಅನಸುಬಾಯಿ ಬೆಳಗಿನಿಂದ ತೊಟ್ಟಿಲು ಬಿಟ್ಟು ಏಳುತ್ತಿಲ್ಲವಂತೆ. ಹಿಂದಿನ ಎರಡು ಸಲವೂ ಗಾಡಿ ಇದೇ ಜಾಗದಲ್ಲಿ ಬಿಸಿಯಾಗಿ, ಇಬ್ಬರೂ ಇಲ್ಲಿಂದಲೇ ವಾಡಿಗೆ ತಿರುಗಿದ್ದರು. ಮೂರನೆಯ ಸಲವೂ ತಿರುಗುವುದೆಂದರೆ ಕರುಣಾಳಿಗೆ ಅಳುವೇ ಬರುತ್ತಿತ್ತು. ಅಳುವ ಬದಲು ಜಗಳಕ್ಕೆ ನಿಂತಿದ್ದಳು.

ಶೌಕತ ಅಲಿ ಕೇಳದೆಯೇ ಚಹಾ ತಂದ.

ಶೌಕತ ಅಲಿ: ಸುರೇಶಭಾಯ್, ರೇಡಿಯೇಟರಿನ ಮುಚ್ಚಳ ತಗೀಬ್ಯಾಡ್ರಿ, ಬಿಸಿನೀರು ಮಾರಿಗೆ ಹಾರ್ತದ. ಮೊದಲ ಚಹಾ ಕುಡೀರಿ.

ಕರುಣಾ: ಭಾಯ್, ಬಿಸಿ ಆಗಿದ್ದು ಗಾಡಿ. ಚಹಾ ಇವರಿಗ್ಯಾಕ?

ಶೌಕತ ಅಲಿ: ಗಾಡಿ ಥಂಡ ಆಗೋ ತನಕ ಗಿರಾಕಿ ಗರಮ್ ಇರ್ಬೇಕು, ಬೆಹೆನ್. ನಮ್ಮ ಧಂದಾ ನಡೀಬೇಕಲ್ಲ.

ವಾಡಿಯ ಸಿಮೆಂಟಿನ ಧೂಳು ರೇಡಿಯೇಟರಿನ ಜಾಳಿಗೆಯಲ್ಲಿ ತುಂಬಿರಬೇಕು ಎಂದು ಶೌಕತ ಅಲಿ ಹೇಳಿದ. ಅದನ್ನು ತೊಳೆಸಿದ್ದೇನೆ ಎಂದ ಸುರೇಶಕುಮಾರ. ಹಾಗಾದರೆ ಕೂಲಂಟ್? ಹೊಸದು. ಫ್ಯಾನ್? ತಿರುಗುತ್ತದೆ. ಥರ್ಮೋಸ್ಟಾಟ್? ಅದನ್ನೂ ಬದಲಿಸಿದ್ದಾಯಿತು. ಇನ್ನೇನೂ ಉಳಿದಿಲ್ಲ, ನಿಮ್ಮನ್ನೇ ಬದಲಿಸಬೇಕು ಎಂದು ಮೆಕ್ಯಾನಿಕ್ ಕೈಮುಗಿದನಂತೆ.

ಶೌಕತ ಅಲಿ: ಶಹಾಬಾದಿಗೆ ಹೋದಾಗ ಹ್ಯಾಂಗ?

ಸುರೇಶಕುಮಾರ: ದಿನಾ ಡ್ಯೂಟಿಗೆ ಹೋಗ್ತೀನಿ. ಏನೂ ಆಗಂಗಿಲ್ಲ.

ಶೌಕತ ಅಲಿ: ಸೇಡಂಗೆ?

ಸುರೇಶಕುಮಾರ: ಬೆಣ್ಣಿ ಹಂಗ ಓಡ್ತದ.

ಕರುಣಾ: ಇಲ್ಲಿಂದ ವಾಪಸ ವಾಡಿಗೆ ಹೋಗಾಗ?

ಸುರೇಶಕುಮಾರ ಚಹಾವನ್ನು ಊದತೊಡಗಿದ. ಅದು ಆಗಲೇ ಆರಿತ್ತು.

ಸುರೇಶಕುಮಾರ: ಆವಾಗ... ಥಂಡ ಇರ್ತದ.

ಕರುಣಾ: ಆವಾಗ ಹಿಂದ ಯಾರ ಇರ್ತಾರ? ಲೋಡ್ ಚಿತ್ತಾಪುರದಾಗ ಇಳಿಸಿ ಹೋಗ್ತೀರೇನು?

ಶೌಕತ ಅಲಿ: ಗಾಳಿದೇ ಕಾರಣ ನೋಡ್ರಿ. ದಂಡೋತಿ ಹೊಳಿ ಕಡಿಂದ ಗಾಳಿ ಎದುರಿಗೆ ಬರ್ತದ.

ಸುರೇಶಕುಮಾರ: ಹಾಂ, ಗಾಳಿ. ನಾನೂ ಅದೇ ಹೇಳ್ಲಿಕತ್ತಿದ್ದೆ.

ಕರುಣಾ: ಎದುರ ಗಾಳಿ ಬಡದ್ರ ರೇಡಿಯೇಟರ್ ಥಂಡ ಆಗ್ಬೇಕಲ್ರಿ? ನಮ್ಮ ತವರಿನ ಗಾಳಿನೂ ಬಿಸಿ ಅಂತೀರೇನು?

ಇಬ್ಬರು ಗಂಡಸರೂ ಗಾಳಿಯ ವಿಚಾರ ಅಲ್ಲಿಗೇ ಬಿಟ್ಟರು. ಕೆಂಪು ದೀಪ ಆರಿದ ಮೇಲೆ ಕರುಣಾ ದುಪಟ್ಟಾ ಸೊಂಟಕ್ಕೆ ಬಿಗಿದು, ಗಂಡನ ಕಿಸೆಯಿಂದ ಚಾವಿ ತೆಗೆದಳು. ಮದುವೆಗೆ ಮುಂಚೆ ಅಣ್ಣನ ಗಾಡಿಯ ಮೇಲೆ ಕಲಿತವಳು, ಲೈಸೆನ್ಸೂ ಇತ್ತು. ತಾನು ಹಿಂದೆ ಕುಳಿತು ಅತ್ತೆಯ ಊರಿಗೆ ಹೋದರೆ ಜನ ಏನೆಂದಾರು ಎಂದು ಸುರೇಶಕುಮಾರ ಕೇಳಿದ. ಲೋಡ್ ಅಂದಾರು ಎಂದಳು ಕರುಣಾ.

ಗಾಡಿ ಹೊರಟಿತು.

ಕರುಣಾ: ಕೆಂಪ ದೀಪ ಬಂತೇನ್ರಿ?

ಸುರೇಶಕುಮಾರ (ಹೆಂಡತಿಯ ಭುಜದ ಮೇಲಿಂದ ಇಣುಕಿ): ಇಲ್ಲ.

ಕರುಣಾ: ಮತ್ತ ನಿಮ್ಮ ಬಲಗಾಲು ಏನ ಮಾಡ್ಲಿಕತ್ತದ?

ಸುರೇಶಕುಮಾರ: ನನ್ನ ಕಾಲೇನ ಮಾಡ್ತದ?

ಕರುಣಾ: ದಂಡೋತಿ ಸಮೀಪ ಬಂದಂಗೆಲ್ಲ ಕಂಬಿ ಒತ್ತೇ ಒತ್ಲಿಕತ್ತದ, ಮೊಣಕಾಲು ನನಗ ಬಡೀಲಿಕತ್ತದ. ಅಲ್ಲಿ ಬ್ರೇಕ್ ಇಲ್ರಿ. ಬ್ರೇಕ್ ನನ್ನ ಕಾಲ ಬುಡಕ ಅದ.

ಸುರೇಶಕುಮಾರ ತನ್ನ ಬಲಗಾಲನ್ನು ಪರರ ಕಾಲೆಂಬಂತೆ ನೋಡಿದ. ಹೌದು, ಕಾಲಿಡುವ ಕಂಬಿಯನ್ನು ಅದು ಜೀವ ಹೋಗುವಂತೆ ಒತ್ತುತ್ತಿತ್ತು.

ಕರುಣಾ: ಬ್ರೇಕ್ ತುಳಕೊಂಡೇ ಎಕ್ಸಿಲೇಟರ್ ಕೊಟ್ಟೀರಿ. ಇಂಜಿನ್ ಎಳದೂ ಎಳದೂ ಬಿಸಿ ಆಗ್ಯದ. ಪಾಪ, ಆ ಮೆಕ್ಯಾನಿಕ್ ಖರೇನೇ ಹೇಳ್ಯಾನ.

ಸುರೇಶಕುಮಾರ: ನಿನ್ನಾಣೆ, ನನಗ ಗೊತ್ತೇ ಇರಲಿಲ್ಲ.

ಕರುಣಾ: ನಿಮಗ ನಮ್ಮನಿ ಅಂದ್ರ ಅಷ್ಟ ಬ್ಯಾಸರೇನ್ರಿ?

ಈ ಸಲ ದನಿಯಲ್ಲಿ ಜಗಳ ಇರಲಿಲ್ಲ. ಸುರೇಶಕುಮಾರ ಕಾಲನ್ನು ಕಂಬಿಯ ಮೇಲೆ ಸಡಿಲಬಿಟ್ಟ.

ಸುರೇಶಕುಮಾರ: ನಿಮ್ಮನಿ ಬ್ಯಾಸರಿಲ್ಲ ಕರುಣಾ. ನಿಮ್ಮವ್ವನ ಸೌಟಿನ ಅಂಜಿಕಿ ಅದ. ಸಾಕು ಅಂತ ತಾಟಿನ ಮ್ಯಾಲ ಕೈ ಇಟ್ರ, ಕೈ ಮ್ಯಾಲೇ ಹುಗ್ಗಿ ಹಾಕ್ತಾರ. ಹುಗ್ಗಿ ಮ್ಯಾಲ ತುಪ್ಪ ಹಾಕ್ತಾರ. ತೊಳಕೊಂಡ ಬಂದ್ರ, ಕೈ ಸ್ವಚ್ಛ ಆತಲ್ಲ ಅಂತ ಮತ್ತ ಹಾಕ್ತಾರ.

ಕರುಣಾ ಎಷ್ಟು ನಕ್ಕಳೆಂದರೆ ಗಾಡಿ ಅತ್ತಿತ್ತ ವಾಲಿತು. ನಿಲ್ಲಿಸು ಎಂದು ಅವನು ಕೂಗಿದ. ಇವತ್ತು ಬ್ರೇಕ್ ಮುಟ್ಟುವುದಿಲ್ಲ ಎಂದಳು ಅವಳು.

ಮನೆ ಮುಟ್ಟಿದಾಗ ಅನಸುಬಾಯಿ ತೊಟ್ಟಿಲಿಗೆ ಬಾಗಿ, ಬಾಯಿಯನ್ನು ಕೂಸಿನ ಕಿವಿಯ ಹತ್ತಿರಕ್ಕೆ ತಂದಿದ್ದಳು. ಕರುಣಾ ಹೆಲ್ಮೆಟ್ ಸಮೇತ ನುಗ್ಗಿದಳು. ಕೂಸು ಹೆದರಿ ಚೀರಿತು, ಅನಸುಬಾಯಿ ಅದಕ್ಕಿಂತ ಜೋರಾಗಿ ಚೀರಿ ಹಿಂದೆ ಸರಿದಳು. ಆ ಸಂದಿನಲ್ಲಿ ಹೆಲ್ಮೆಟ್ ತೆಗೆದ ಸೋದರತ್ತೆ, ಪ್ರಜ್ಞಾ, ಪ್ರಜ್ಞಾ ಎಂದು ಕಿವಿಯಲ್ಲಿ ಹೇಳಿಯೇಬಿಟ್ಟಳು. ಅವಳ ಕಣ್ಣು ತುಂಬಿ ಬಂದವು.

ಊಟದ ಹೊತ್ತಿಗೆ ಬಲಗಾಲಿನ ಕಥೆ ಮನೆಯೆಲ್ಲ ಹರಡಿತ್ತು. ಸುರೇಶಕುಮಾರ ತಲೆ ತಗ್ಗಿಸಿ ಕುಳಿತಿದ್ದ. ಪಕ್ಕದಲ್ಲಿ ಕುಳಿತ ಮಾವ ಮಾಣಿಕಪ್ಪ ಮೆಲ್ಲಗೆ ಅವನ ಕಡೆ ಬಾಗಿದ.

ಮಾಣಿಕಪ್ಪ: ಅಳ್ಯಾರ, ಬ್ರೇಕ್ ತುಳೀಬಾರದ್ರಿ. ಇಂಜಿನ್ ಬಿಸಿ ಆಗ್ತದ, ದೀಪ ಹತ್ತತದ, ಸಿಕ್ಕ ಬೀಳ್ತೀರಿ.

ಸುರೇಶಕುಮಾರ: ಮತ್ತ ಏನ ಮಾಡ್ಬೇಕ್ರಿ ಮಾವಾರ?

ಮಾಣಿಕಪ್ಪ: ನಮ್ಮತ್ತಿ ಊರು ಗುಂಡಗುರ್ತಿ. ಅಲ್ಲಿಗೆ ಹೋಗಾಗ ನಾ ಸೈಕಲ್ ಚೈನ್ ಇಳಸ್ತಿದ್ದೆ. ಹಿಮ್ಮಡಿಲಿಂದ ಜರಾ ತಳ್ಳಿದ್ರ ಆತು, ಬಿಸಿ ಇಲ್ಲ, ದೀಪ ಇಲ್ಲ. ನಿಮ್ಮತ್ತಿ ಲಾಲಮ್ಮಗ ಇವತ್ತಿನ ತನಕ ಗೊತ್ತಿಲ್ಲ.

ಲಾಲಮ್ಮ ಹುಗ್ಗಿಯ ಪಾತ್ರೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಅಳಿಯ ಅಭ್ಯಾಸದಂತೆ ತಾಟಿನ ಮೇಲೆ ಕೈ ಇಟ್ಟ.

ಲಾಲಮ್ಮ: ಕೈ ತಗೀರಿ ಅಳ್ಯಾರ, ನಿಮಗ ಸಾಕು.

ಪಾತ್ರೆಯನ್ನು ಗಂಡನ ಮುಂದೆ ಇಟ್ಟು, ಸೌಟು ಹಿಡಿದು ಎದುರಿಗೇ ಕುಳಿತಳು.

ಲಾಲಮ್ಮ: ಗುಂಡಗುರ್ತ್ಯಾಗ ತಪ್ಪಿಸಿದ್ದೆಲ್ಲ ಇವತ್ತ ಇಲ್ಲೇ ಉಣ್ರಿ.