ಬರಿಬೆರಳಿನ ಮಾವ, ಹಳದಿ ಪಿಕ್ಕು

ಆ ಭಾನುವಾರ ಕೊಳ್ಳೇಗಾಲದ ನನ್ನ ಸೋದರಮಾವನ ಮನೆಯ ಪಡಸಾಲೆಯಲ್ಲಿ ನಾವು ಮೂವರಿದ್ದೆವು: ಮಾವ, ಅವರ ಗೆಳೆಯರಾದ ಯಳಂದೂರಿನ ಡ್ರಾಯಿಂಗ್ ಮೇಷ್ಟ್ರು, ಮತ್ತು ನಾನು. ಮಾವನ ತೊಡೆಯ ಮೇಲಿದ್ದ ಗಿಟಾರನ್ನು ಸೇರಿಸಿದರೆ ನಾಲ್ಕು. ಸೇರಿಸಲೇಬೇಕು, ಇಲ್ಲದಿದ್ದರೆ ಮಾವ ಮುನಿಸಿಕೊಳ್ಳುತ್ತಾರೆ! ಒಳಗೆ ಅಡುಗೆಮನೆಯಲ್ಲಿ ಅತ್ತೆ ಮುದ್ದೆ ತಿರುವುತ್ತಿದ್ದರು. ಇದು ಎರಡು ವರ್ಷದ ಹಿಂದಿನ ಮಾತು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾವನಂಥ ಗಿಟಾರ್ ವಾದಕರು ಇಡೀ ಚಾಮರಾಜನಗರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಯಾಕೆಂದರೆ ಅವರು ನುಡಿಸುವುದು ಅವರಿಗೂ ಅತ್ತೆಗೂ ಬಿಟ್ಟು ಮತ್ಯಾರಿಗೂ ಕೇಳಿಸುವುದಿಲ್ಲ!

ಕಾರಣ ಇಷ್ಟೇ. ಮಾವ ತಂತಿಯನ್ನು ಬರಿಬೆರಳಿನಿಂದ ಮೀಟುವವರು. ಉಗುರಿನಿಂದಲೂ ಅಲ್ಲ, ಬೆರಳ ತುದಿಯ ಮೆತ್ತನೆಯ ಮಾಂಸದಿಂದ. ಉಗುರೆಂದರೆ ಅವರ ಪ್ರಕಾರ ಮೈಮೇಲೇ ಬೆಳೆದ ಪಿಕ್ಕು, ತಂತಿ ಮೀಟುವ ಚೂರು. ಅದಕ್ಕೇ ದಿನ ಬಿಟ್ಟು ದಿನ ಕತ್ತರಿಸುತ್ತಾರೆ. "ಶುಕ್ರವಾರ ಉಗ್ರು ಕತ್ತರುಸ್ಬೇಡಿ ಅಂತ ಎಷ್ಟ್ ಸಲ ಏಳ್ಬೇಕು?" ಎಂದು ಅತ್ತೆ ಗದರಿದರೆ ನೇಲ್ ಕಟ್ಟರ್ ಜೇಬಿಗಿಳಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಲಕ್ಷ್ಮಿಗೆ ಬಸ್‌ಸ್ಟ್ಯಾಂಡಿನವರೆಗೆ ಅಧಿಕಾರವಿಲ್ಲವೆಂದು ಅವರ ನಂಬಿಕೆ.

ಅಂಥವರ ಎದುರಿಗೆ ಅಂದು ಮೇಷ್ಟ್ರು ಅಂಗಿಯ ಜೇಬಿನಿಂದ ಒಂದು ಹಳದಿ ಪಿಕ್ಕು ತೆಗೆದರು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ವೀಳ್ಯದೆಲೆಯ ಆಕಾರದ ಪ್ಲಾಸ್ಟಿಕ್ ಚೂರು. ದೇವರ ಗೂಡಿನಲ್ಲಿ ಬೀಡಿ ತುಂಡು ಕಂಡವರಂತೆ ಮಾವ ನೋಡಿದರು.

"ಒಂದ್ಸಲ ಇದ್ರಲ್ಲಿ ಮೀಟಿ ನೋಡಿ. ಸದ್ದು ಖಣಖಣ ಅಂತದೆ," ಎಂದರು ಮೇಷ್ಟ್ರು. ಅವರು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವರು, ಅನುಭವಸ್ಥರು.

"ಎಂಡ್ತಿ ಕೆನ್ನೆ ಸವರಕ್ಕೆ ಕೈಗೆ ಗ್ಲೌಸು ಆಕತೀಯಾ ಮೇಷ್ಟ್ರೇ?" ಎಂದು ಮಾವ ಕೇಳಿದರು. "ಕುದಿಯೋ ನೀರ್‌ನಲ್ಲಿ ರೇಸ್ಮೆ ಗೂಡಿನ ಎಳೆ ಉಡ್ಕಿ ತಗ್ದಿರೋ ಬೆರ್ಳು ಕಣಯ್ಯಾ ಇವು! ಈ ಚೂರ ನಾನು ಕೈಯಲ್ಲಿ ಇಡುದ್ ದಿನ ಮೂಗಿನ ಕೆಳ್ಗೆ ಈ ಮೀಸೆ ಇರಕಿಲ್ಲ, ಬರ್ಕೋ!"

ಒಳಗಿನಿಂದ ಅತ್ತೆಯ ದನಿ ಬಂತು. "ಆ ಮೀಸೆ ಓದ್ರೆ ಒಳ್ಳೇದೇ. ಅರ್ಧ ಮಜ್ಗೆ ಅದ್ರಲ್ಲೇ ಉಳ್ಕತದೆ."

ಬೆರಳಿನ ಮಾತು ಬರೀ ಜಂಬವಲ್ಲ. ಮಾವ ರೇಷ್ಮೆ ನೂಲು ಬಿಚ್ಚುವವರು. ಹುಡುಗರಾಗಿದ್ದಾಗಿನಿಂದ ಬಿಸಿನೀರಿನ ಬಾಣಲೆಯ ಮುಂದೆ ಕೂತು, ಬೆಂದ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯನ್ನು ಬೆರಳಿನಲ್ಲೇ ಹುಡುಕಿ ಹಿಡಿದವರು. ಗಿಟಾರ್ ಕಲಿತದ್ದೂ ಹಾಗೇ. ಹನೂರಿನಾಚೆಯ ಊರೊಂದರಲ್ಲಿ ಚರ್ಚಿನಲ್ಲಿ ನುಡಿಸುತ್ತಿದ್ದ ಒಬ್ಬ ಹಿರಿಯರು ಹೇಳಿಕೊಟ್ಟರು. ಅವರಿಗೆ ಅರ್ಧ ಕನ್ನಡ, ಮಾವನಿಗೆ ಕಾಲು ತಮಿಳು. ಉಳಿದ ಕಾಲು ಭಾಗವನ್ನು ಬೆರಳುಗಳೇ ಮಾತಾಡಿಕೊಂಡವು. ಕಡೆಗೆ ಆ ಹಿರಿಯರು ತಮ್ಮ ಹಳೆಯ ಗಿಟಾರನ್ನೇ ಶಿಷ್ಯನಿಗೆ ಕೊಟ್ಟು ಕೈಮುಗಿದರಂತೆ. ಆಶೀರ್ವಾದಕ್ಕೋ, ಸಾಕೆಂಬುದಕ್ಕೋ, ಈವರೆಗೆ ಇತ್ಯರ್ಥವಾಗಿಲ್ಲ.

ಅಂದಿನಿಂದ ಮಾವ ಮನುಷ್ಯರನ್ನು ಅಳೆಯುವುದು ಬೆರಳಿನಿಂದ. ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕೆಲಸ, ಜಮೀನು, ನಕ್ಷತ್ರ ಎಲ್ಲ ವಿಚಾರಿಸಿ ಮುಗಿದ ಮೇಲೆ ಮಾವ ಎದ್ದುಹೋಗಿ, "ಎಲ್ಲಪ್ಪಾ, ನಿನ್ ಬಲಗೈ ಎಬ್ಬೆಟ್ಟು ಇತ್ತ ಕೊಡು," ಎಂದರು. ಹುಡುಗ ಹೆದರಿ ಕೊಟ್ಟೇಬಿಟ್ಟ. ಅವನ ತಂದೆ ಧಡಕ್ಕನೆ ಎದ್ದು ನಿಂತರು.

"ಎಬ್ಬೆಟ್ಟು ಯಾಕೆ ಸಾ? ಪತ್ರ ಎಲ್ಲದೆ? ನಮ್ಮುಡ್ಗ ಓದವ್ನೆ, ಸೈನ್ ಆಕ್ತಾನೆ! ಆದ್ರೆ ಓದ್ದೆ ಯಾವ್ದಕ್ಕೂ ಆಕಲ್ಲ!"

ಸಮಾಧಾನ ಮಾಡುವಷ್ಟರಲ್ಲಿ ಕಾಫಿ ಎರಡು ಸಲ ಬಂತು. ಮಾವ ಮಾತ್ರ ಬೆರಳನ್ನು ಒತ್ತಿ ನೋಡಿ, "ಮೆತ್ಗದೆ. ಒಳ್ಳೇ ಉಡ್ಗ," ಎಂದು ಮುದ್ರೆ ಒತ್ತಿಬಿಟ್ಟರು. ಈಗ ಆ ಹುಡುಗ ನನ್ನ ತಂಗಿಯ ಗಂಡ. ನಿಜಕ್ಕೂ ಒಳ್ಳೆಯವನು. ಜಾತಕಕ್ಕಿಂತ ಹೆಬ್ಬೆಟ್ಟೇ ವಾಸಿಯೋ ಏನೋ!

ಇನ್ನು ಕುಂತೂರಿನ ಮದುವೆಯ ಕಥೆ. ಮೇಷ್ಟ್ರು ಆರ್ಕೆಸ್ಟ್ರಾ ಮಧ್ಯೆ ಮಾವನನ್ನು ಪ್ರೀತಿಯಿಂದ ವೇದಿಕೆಗೆ ಕರೆದರು. ಅಲ್ಲಿಯವರೆಗೆ ಸ್ಪೀಕರಿನ ಅಬ್ಬರಕ್ಕೆ ರಸ್ತೆಯ ಕಬ್ಬಿನ ಟ್ರ್ಯಾಕ್ಟರುಗಳೇ ನಾಚಿಕೊಂಡಿದ್ದವು. ಮಾವ ಕಣ್ಣು ಮುಚ್ಚಿ, ಮೈಕನ್ನು ಎಂಜಲೆಲೆಯಂತೆ ದೂರ ಸರಿಸಿ, ಹಳೆಯ ಹಾಡೊಂದನ್ನು ಬರಿಬೆರಳಿನಲ್ಲಿ ಶುರು ಮಾಡಿದರು. ಮಂಟಪದಲ್ಲಿ ಮೌನ. ಒಂದು ನಿಮಿಷವಾಯಿತು. "ಕರೆಂಟ್ ಓಯ್ತೇನ್ಲಾ?" ಎಂದು ಯಾರೋ ಕೇಳಿದರು. ಸೌಂಡ್ ಸಿಸ್ಟಮ್ಮಿನವನು ಓಡಿಬಂದು ವೈರನ್ನೆಲ್ಲ ಅಲುಗಾಡಿಸಿದ. ಹಾಡು ಮುಗಿದದ್ದೂ ಗೊತ್ತಾಗಲಿಲ್ಲ. ಮಾವ ಎದ್ದು ನಮಸ್ಕರಿಸಿದ ಮೇಲೆಯೇ ಚಪ್ಪಾಳೆ!

"ಸಂಗೀತ ಕೇಳಕ್ಕೆ ಬರೋರು ಕಿವಿ ತಕಂಡ್ ಬರ್ಬೇಕು," ಎಂದು ಇಳಿದು ಬಂದವರು ನೆಟ್ಟಗೆ ಹೋದದ್ದು ಆರನೇ ಸಾಲಿನಲ್ಲಿ ಕೂತಿದ್ದ ಅತ್ತೆಯ ಬಳಿಗೆ. ಅತ್ತೆ ಎಲೆಗೆ ಸುಣ್ಣ ಸವರುತ್ತ ತಲೆಯೆತ್ತದೆ ತೀರ್ಪು ಕೊಟ್ಟರು. "ಎರಡ್ನೇ ಚರಣ್ದಲ್ಲಿ ಆತ್ರ ಬಿದ್ರಿ."

ಮಾವನ ಮುಖ ಅರಳಿತು! ಅವರಿಗೆ ಬೇಕಾದದ್ದು ಅಷ್ಟೇ. ಊರೆಲ್ಲ ಚಪ್ಪಾಳೆ ತಟ್ಟಲಿ ಬಿಡಲಿ, ನುಡಿಸಿದ ಮೇಲೆ ಅತ್ತೆಯ ಒಂದು ತೀರ್ಪು ಬೀಳಬೇಕು. "ಇವತ್ತು ಪರ್ವಾಗಿಲ್ಲ." "ತಂತಿ ಇಳ್ದದೆ." "ಬೆರ್ಳಿಗೆ ನಿದ್ದೆ ಬಂದದಾ?" ಅಡುಗೆಮನೆಯಿಂದ ಬರುವ ಆ ಒಂದು ಸಾಲಿಗಾಗಿಯೇ ಅವರು ಸಂಜೆ ಸಂಜೆ ಗಿಟಾರ್ ಹಿಡಿಯುತ್ತಿದ್ದದ್ದು.

ಕಳೆದ ವರ್ಷ ಆ ತೀರ್ಪುಗಳು ನಿಂತುಹೋದವು.

ಮಾವ ನುಡಿಸುವರು, ಒಳಗಿನಿಂದ ಸದ್ದಿಲ್ಲ. ಮೊದಲು ತಂತಿಯ ಮೇಲೆ ಅನುಮಾನ. ಹೊಸ ತಂತಿ ಬಂತು. ಆಮೇಲೆ ಕೈಗೆ ಎಳ್ಳೆಣ್ಣೆ, ಸತ್ತೇಗಾಲದಿಂದ ತರಿಸಿದ ಕೊಬ್ಬರಿ ಎಣ್ಣೆ. ಬೇಕೆಂದೇ ಅಪಸ್ವರ ನುಡಿಸಿದರು. ಬೈಗುಳವೂ ಇಲ್ಲ! ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಲೇ ಅಳಿಯಾ, ನಿಜ ಏಳು. ನನ್ ಬೆರ್ಳು ಕೆಟ್ಟೋದ್ವಾ? ನಿಮ್ಮತ್ತೆ ಈಗ ಬಯ್ಯದೂ ಇಲ್ಲ ಕಣ್ಲಾ," ಎಂದರು. ಎಂದೂ ಯಾರಿಗೂ ಸೋಲದವರ ದನಿ ಬಾಣಲೆಯ ನೀರಿನಂತೆ ಆವಿಯಾಗುತ್ತಿತ್ತು.

ನನಗೆ ಅವರ ಗಿಟಾರ್ ಕೇಳಿಸಿದ್ದಾದರೂ ಯಾವಾಗ?

ಮರುವಾರ ಮಾರುಕಟ್ಟೆಯಿಂದ ಗೂಡು ಬಂದಿತ್ತು. ಅಜ್ಜೀಪುರದ ಕಡೆಯ ಬೆಳೆ, ಅರಿಶಿನ ಬಣ್ಣದ ಗಟ್ಟಿ ಗೂಡು. ಬೇಯಿಸುವ ಮುಂಚೆ ಕೆಟ್ಟದ್ದನ್ನು ಆಯ್ದು ತೆಗೆಯಬೇಕು. ಅದು ಅತ್ತೆಯ ಕೆಲಸ. ಅನುಮಾನ ಬಂದ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಿಲಗಿಲ ಎಂದರೆ ಒಳ್ಳೆಯದು. ಸದ್ದಿಲ್ಲದಿದ್ದರೆ ಹುಳು ಸತ್ತು ಒಳಗೇ ಅಂಟಿದೆ ಎಂದು ಲೆಕ್ಕ. ನಲವತ್ತು ವರ್ಷದಲ್ಲಿ ಅತ್ತೆಯ ಕಿವಿ ಒಮ್ಮೆಯೂ ತಪ್ಪಿರಲಿಲ್ಲ.

ಅತ್ತೆ ಒಂದು ಗೂಡು ಅಲ್ಲಾಡಿಸಿದರು. "ಸದ್ದಿಲ್ಲ." ಪಕ್ಕದ ಬುಟ್ಟಿಗೆ. ಇನ್ನೊಂದು. "ಇದೂ ಇಲ್ಲ." ಮತ್ತೊಂದು. "ಏನ್ರೀ ಇದು, ಈ ಪಾಟಿ ಕೆಟ್ಟ ಗೂಡ ತಂದಿದ್ದೀರಿ!"

ಎದುರಿಗೆ ಕೂತಿದ್ದ ನನಗೆ ಒಂದೊಂದೂ ಕೇಳಿಸುತ್ತಿತ್ತು. ಗಿಲಗಿಲ, ಗಿಲಗಿಲ. ಬಾಯಿ ತೆರೆದೆ. ಮಾವ ನನ್ನ ಮೊಣಕಾಲು ಒತ್ತಿದರು. ಅವರ ಮುಖ ನೋಡಿದೆ. ಅವರಿಗೂ ಕೇಳಿಸಿತ್ತು, ಗೂಡಿನ ಸದ್ದು ಮಾತ್ರವಲ್ಲ, ಇಷ್ಟು ತಿಂಗಳ ಮೌನದ ಅರ್ಥವೂ. ನಮ್ಮ ಮನೆತನದವರು ಎದುರಿಗಿದ್ದವರ ಹತ್ತಿರವೂ ಹೊಲದಾಚೆ ನಿಂತವರಿಗೆ ಕೇಳುವಂತೆ ಮಾತಾಡುವವರು. ಹಾಗಾಗಿ ಅತ್ತೆಯ ಕಿವಿ ಮಂದವಾದದ್ದು ಯಾರಿಗೂ ತಿಳಿದಿರಲಿಲ್ಲ. ಅತ್ತೆಗೂ.

"ಔದು ಕಣೆ, ನಾನೇ ಮೋಸ ಓದೆ," ಎಂದು ಮಾವ ಗಟ್ಟಿಯಾಗಿ ಹೇಳಿದರು. ಹೇಳಿ, ತಾವೂ ಎರಡು ಒಳ್ಳೆಯ ಗೂಡನ್ನು ಅಲ್ಲಾಡಿಸಿ ಕೆಟ್ಟದ್ದರ ಬುಟ್ಟಿಗೆ ಹಾಕಿದರು. ಅತ್ತೆ ಒಳಗೆ ಹೋದ ಮೇಲೆ ಆ ಬುಟ್ಟಿಯನ್ನು ಸದ್ದಿಲ್ಲದೆ ಒಳ್ಳೆಯದರ ರಾಶಿಗೆ ಸುರಿದರು.

ಮುಂದೆ ನಿಧಾನವಾಗಿ ವಿಷಯ ಹೇಳಿ ಮೈಸೂರಿಗೆ ಕರೆದೊಯ್ದು ಕಿವಿ ತೋರಿಸಿದ್ದಾಯಿತು, ಯಂತ್ರ ತಂದದ್ದೂ ಆಯಿತು. ಅದನ್ನು ಹಾಕಿದರೆ ಬೀದಿಯ ಮಿಕ್ಸಿಗಳೆಲ್ಲ ತಲೆಯೊಳಗೇ ತಿರುಗುತ್ತವೆಂದು ಅತ್ತೆ ಅದನ್ನು ಸಕ್ಕರೆ ಡಬ್ಬದ ಹಿಂದೆ ಕೂರಿಸಿದ್ದಾರೆ.

ಮೊನ್ನೆ ಹೋಗಿದ್ದೆ. ಬಾಗಿಲಲ್ಲಿ ಪಕ್ಕದ ಮನೆಯ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. "ಯಾರಪ್ಪಾ ಓದ್ರು? ಒಂದ್ ಮಾತು ಏಳ್ಕಳುಸ್ಬಾರ್ದಾ?"

ಗಾಬರಿಯಿಂದ ಒಳಗೆ ಇಣುಕಿದೆ. ಪಡಸಾಲೆಯಲ್ಲಿ ಮಾವ ಗಿಟಾರ್ ಹಿಡಿದು ಕೂತಿದ್ದರು. ಮೂಗಿನ ಕೆಳಗೆ ಮೀಸೆ ಇರಲಿಲ್ಲ.

"ಯಾರೂ ಓಗಿಲ್ಲ ಕಣವ್ವಾ. ಮೀಸೆನೇ ಓದದ್ದು," ಎಂದು ಮಾವ ಅಜ್ಜಿಯನ್ನು ಕಳಿಸಿದರು. ಅವರ ಬೆರಳುಗಳ ನಡುವೆ ಆ ಹಳದಿ ಪಿಕ್ಕು ಇತ್ತು. ಹಿಂದಿನ ದಿನ ಮೊದಲ ಬಸ್ಸಿಗೇ ಯಳಂದೂರಿಗೆ ಹೋಗಿ ಕೇಳಿ ತಂದಿದ್ದರು. ಮೇಷ್ಟ್ರು ನಗಲಿಲ್ಲವಂತೆ.

ನಶ್ಯದ ಚಿಟಿಕೆಯಂತೆ ಹಿಡಿದಿದ್ದ ಪಿಕ್ಕು ಎರಡು ಸಲ ಜಾರಿ ಗಿಟಾರಿನ ಹೊಟ್ಟೆಯೊಳಗೆ ಬಿತ್ತು. ಗಿಟಾರನ್ನು ಬೋರಲು ಮಾಡಿ, ಗಿಲಗಿಲ ಅಲ್ಲಾಡಿಸಿ ಹೊರತೆಗೆದರು. ಮೂರನೇ ಸಲ ಸರಿಯಾಗಿ ಮೀಟಿದರು. ಆ ಮರದ ಪೆಟ್ಟಿಗೆಯಲ್ಲಿ ಇಷ್ಟು ಸದ್ದಿತ್ತೆಂದು ನನಗೆ ಅಂದೇ ಗೊತ್ತಾದದ್ದು.

ಹಾಡು ಅರ್ಧಕ್ಕೆ ಬಂದಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಮೂರ್ನೇ ತಂತಿ ಇಳ್ದದೆ ನೋಡಿ!"

ಮಾವ ಬಿರಡೆ ತಿರುಗಿಸಿ ತಂತಿ ಬಿಗಿ ಮಾಡಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು.